ವಿಮಾನಕ್ಕೆ ಹೊರಟ ಚಟ್ನಿಪುಡಿಯ ಬೆನ್ನು ಹತ್ತಿ

ಅದು 2006ನೇ ಇಸವಿಯ ಬೇಸಿಗೆ. ಆಗ ನಮ್ಮ ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿಗೇ ಸೇರಿತ್ತು. ಯಜಮಾನರು ತೀರಿಕೊಂಡ ಮೇಲೆ ನಾನು ಮನೆಯಲ್ಲೇ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರಲು ಶುರು ಮಾಡಿದ್ದೆ. ಮದುವೆ ಮನೆಗಳಿಗೆ, ಹಾಸ್ಟೆಲುಗಳಿಗೆ, ಹರಪನಹಳ್ಳಿ, ಹಡಗಲಿ ಕಡೆಯ ಖಾನಾವಳಿಗಳಿಗೆ ನಮ್ಮ ರೊಟ್ಟಿ ಹೋಗುತ್ತಿತ್ತು. ಅಂಥ ರೊಟ್ಟಿಗೆ ವಿಮಾನ ಹತ್ತುವ ಯೋಗ ಬಂತು ಎಂದರೆ ನೀವು ನಗಬಹುದು. ಮೊದಲು ಕೇಳಿದಾಗ ನಾನೂ ನಕ್ಕಿದ್ದೆ.

ಬೆಂಗಳೂರಿನಲ್ಲಿ ವಿಮಾನಗಳಿಗೆ ಊಟ ಮಾಡಿಕೊಡುವ ಒಂದು ಕಂಪನಿಯಿತ್ತು. ಅಲ್ಲಿ ಊಟದ ಗುಣಮಟ್ಟ ನೋಡುವ ರಘುನಾಥ್ ಎನ್ನುವ ಅಧಿಕಾರಿ ಯಾವುದೋ ಮದುವೆಗೆಂದು ಹಗರಿಬೊಮ್ಮನಹಳ್ಳಿಗೆ ಬಂದಿದ್ದರು. ಪಂಕ್ತಿಯಲ್ಲಿ ನಮ್ಮ ರೊಟ್ಟಿ, ಚಟ್ನಿ ತಿಂದವರೇ ವಿಳಾಸ ಕೇಳಿಕೊಂಡು ನಮ್ಮ ಮನೆ ಬಾಗಿಲಿಗೇ ಬಂದರು.

"ವಿಮಾನದಲ್ಲಿ ಮುಂದಿನ ಸೀಟುಗಳಿಗೆ ಬಿಸಿನೆಸ್ ಕ್ಲಾಸ್ ಅಂತಾರಮ್ಮ. ಅವರಿಗೆ ಪಿಂಗಾಣಿ ತಟ್ಟೆಯಲ್ಲಿ, ಬಟ್ಟೆ ಹಾಸಿ ಊಟ ಕೊಡ್ತೀವಿ. ಒಂದು ವಾರ ಕರ್ನಾಟಕದ ಊಟ ಇಡಬೇಕು ಅಂತಿದೀವಿ. ನಿಮ್ಮ ರೊಟ್ಟಿ, ಚಟ್ನಿ ಬೇಕು" ಎಂದರು.

"ಹಿಂದಿನ ಸೀಟಿನೋರು ಏನು ಪಾಪ ಮಾಡ್ಯಾರ್ರೀ?" ಎಂದೆ. ಅವರು ನಗಲಿಲ್ಲ. ನಗುವ ಪೈಕಿ ಮನುಷ್ಯರಲ್ಲ ಎಂದು ಅವತ್ತೇ ಗೊತ್ತಾಯಿತು.

ಮೂರು ಸಲ ಮಾದರಿ ಕಳಿಸಿದೆವು. ಮೊದಲ ಸಲ ರೊಟ್ಟಿ ತಟ್ಟೆಗಿಂತ ದೊಡ್ಡದಾಯಿತು ಎಂದರು. ಎರಡನೇ ಸಲ ಅಂಚು ಮುರಿದಿದೆ ಎಂದರು. ಮೂರನೇ ಸಲ ಚಟ್ನಿ ಸಪ್ಪೆ ಎಂದರು! ನನ್ನ ಚಟ್ನಿಯನ್ನು ಸಪ್ಪೆ ಎಂದವರು ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಅವರು ಬಿಡಿಸಿ ಹೇಳಿದರು. ಅಷ್ಟು ಎತ್ತರದಲ್ಲಿ ನಾಲಿಗೆ ಮಂಕಾಗುತ್ತದಂತೆ. ನೆಲದ ಮೇಲೆ ರುಚಿಯಾಗಿದ್ದದ್ದು ಅಲ್ಲಿ ಮಣ್ಣು ತಿಂದಂತೆ ಆಗುತ್ತದಂತೆ. ಅದಕ್ಕೇ ಉಪ್ಪು, ಖಾರ, ಹುಳಿ ಎಲ್ಲ ಒಂದು ಕೈ ಮುಂದೆ ಇರಬೇಕಂತೆ. ಸರಿ ಎಂದು ಬ್ಯಾಡಗಿ ಮೆಣಸಿನಕಾಯಿ ಹೆಚ್ಚು ಹಾಕಿ, ಮಷೀನಿಗೆ ಕೊಡದೆ ಒರಳಲ್ಲೇ ಕುಟ್ಟಿ ಕಳಿಸಿದೆ. ಒಪ್ಪಿಕೊಂಡರು.

ಒಪ್ಪುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ತಲೆಗೆ ಬಟ್ಟೆ ಕಟ್ಟಬೇಕು, ಉಗುರು ತೆಗೆದಿರಬೇಕು, ಕೆಲಸ ಮಾಡುವಾಗ ಕೈಯಲ್ಲಿ ಉಂಗುರ ಇರಬಾರದು, ಗಾಜಿನ ಬಳೆ ಇರಬಾರದು. "ಆ ಜನ ಊಟ ನೋಡಿ ಟಿಕೆಟ್ ತಗೊಳ್ಳೋರು. ತಟ್ಟೆಯಲ್ಲಿ ಒಂದು ಕೂದಲು ಸಿಕ್ರೂ ನಮ್ಮ ಕಥೆ ಮುಗೀತು" ಎಂದು ಎರಡು ಸಲ ಹೇಳಿದರು. ನಾನು ತಲೆಯಾಡಿಸಿ ಸಹಿ ಹಾಕಿದೆ.

ಈ ಬಳೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೈ ಬರಿದು. ಯಜಮಾನರು ಹೋದ ದಿನ ನನ್ನ ಬಳೆ ಒಡೆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಾಗಾಗಿ ಕಂಪನಿಯ ನಿಯಮ ನನಗೆ ಸಲೀಸು. ಆದರೆ ನನ್ನ ಸೊಸೆ ಗಿರಿಜಾ ಮದುವೆಯಾಗಿ ಒಂದು ವರ್ಷವಾಗಿದ್ದ ಹುಡುಗಿ. ಮಗ ವೀರೇಶ ಲಾರಿ ಡ್ರೈವರ್. ಈರುಳ್ಳಿ ಲೋಡು ಹಾಕಿಕೊಂಡು ವಾರಗಟ್ಟಲೆ ದಾರಿಯ ಮೇಲಿರುವವನು. ಗಂಡ ರೋಡಿನ ಮೇಲಿರುವಾಗ ಹೆಂಡತಿ ಕೈ ಬರಿದು ಮಾಡಿಕೊಂಡು ಕೂರುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. "ಕಂಪನಿ ಮಾತು ಕಂಪನಿಗೆ. ನೀ ಬಳಿ ಮೇಲಕ್ಕ ಸರಿಸಿ ಬಟ್ಟಿ ಕಟ್ಕೋ, ಸಾಕು" ಎಂದು ನಾನೇ ಹೇಳಿದ್ದೆ. ಇದೊಂದೇ ಅಲ್ಲ. ಯುಗಾದಿ ಹೊತ್ತಿಗೆ ಅವಳ ಕೈಯ ಬಳೆಯೊಂದು ಬಾಗಿಲಿಗೆ ಬಡಿದು ಒಡೆದಾಗ, "ಅತ್ತಿ, ಬಳಿ ಒಡೀತು" ಎಂದು ಓಡಿ ಬಂದಿದ್ದಳು. ನಾನು ಸಿಡಿದುಬಿದ್ದಿದ್ದೆ. "ಗಂಡ ಗಾಲಿ ಮ್ಯಾಲೆ ಇರೋವಾಗ ಆ ಮಾತು ಬಾಯಿ ಬಿಟ್ಟು ಅಂತಾರೇನು? ಒಡದ್ರ ಸುಮ್ಮನ ಆರಿಸಿ ಇಡಬೇಕು!" ಎಂದು ಬೈದಿದ್ದೆ. ಅವಳು ಅವತ್ತು ಬಾಯಿಗೆ ಬೀಗ ಹಾಕಿಕೊಂಡಳು.

ಮೊದಲ ಲೋಡು ಕಳಿಸುವ ದಿನ ಬಂತು. ಸಂಜೆಯೊಳಗೆ ಬೆಂಗಳೂರು ಮುಟ್ಟಿದರೆ ಮರುದಿನದ ವಿಮಾನದ ಊಟಕ್ಕೆ ಅದು ಹೋಗಬೇಕು. ಗಿರಿಜಾ ಬೆಳಿಗ್ಗೆ ಬೇಗ ಎದ್ದು ಕೊನೆಯ ಒರಳು ಚಟ್ನಿ ಕುಟ್ಟಿದಳು. ಒಂದೊಂದು ಕಿಲೋದ ಹತ್ತು ಪಾಕೀಟು ಕಟ್ಟಿ ಒಂದು ಡಬ್ಬಕ್ಕೆ ತುಂಬಿದೆವು, ರೊಟ್ಟಿಯದು ಬೇರೆ ಎರಡು ಡಬ್ಬ. ಮೂರಕ್ಕೂ ಟೇಪು ಸುತ್ತಿ, ನಾನೇ ಹೋಗಿ ಹತ್ತೂವರೆಯ ಬೆಂಗಳೂರು ಬಸ್ಸಿನ ಮೇಲೆ ಹಾಕಿಸಿ ಬಂದೆ. ಬರುವ ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಾಳಿ ನಮ್ಮ ಚಟ್ನಿ ಆಕಾಶದಾಗ ಹಾರತೈತಿ" ಎಂದು ಹೇಳಿಕೊಂಡು ಬಂದೆ.

ಮನೆಗೆ ಬಂದು ಕೈಕಾಲು ತೊಳೆದು ಉಣ್ಣಲು ಕುಳಿತೆ. ಗಿರಿಜಾ ಬಾಗಿ ಮಜ್ಜಿಗೆ ಹಾಕುತ್ತಿದ್ದಳು. ಅವಳ ಎಡಗೈ ಮಣಿಕಟ್ಟಿನ ಮೇಲೆ ಕೆಂಪು ಗೀರು ಕಂಡಿತು.

"ಏನದು?"

"ಏನಿಲ್ರಿ ಅತ್ತಿ. ಪಾತ್ರಿ ತರಚೇತಿ."

ಪಾತ್ರೆ ತರಚಿದ್ದಕ್ಕೆ ಯಾರೂ ಕೈಯನ್ನು ಹಾಗೆ ಸೆರಗಿಗೆ ಸರಿಸುವುದಿಲ್ಲ. ನನ್ನ ಕಣ್ಣು ಅವಳ ಬಳೆಯ ಮೇಲೆ ಹೋಯಿತು. ಯುಗಾದಿಯ ಆ ಬಳೆ ಒಡೆದ ಮೇಲೆ ಬಳೆಗಾರನನ್ನು ಕರೆಸಿ ಎರಡೂ ಕೈಗೆ ಡಜನ್ ಡಜನ್ ಹಸಿರು ಬಳೆ ಹಾಕಿಸಿದವಳು ನಾನೇ. ಎಣಿಸಿದೆ. ಬಲಗೈಯಲ್ಲಿ ಹನ್ನೆರಡು, ಎಡಗೈಯಲ್ಲಿ ಹನ್ನೊಂದು.

"ಗಿರಿಜಾ, ಯಾವಾಗ ಒಡೀತು?"

ಅವಳು ಮಜ್ಜಿಗೆ ಪಾತ್ರೆ ಕೆಳಗಿಟ್ಟಳು. "ಮುಂಜಾನಿ, ಶೇಂಗಾ ಕುಟ್ಟೋವಾಗ್ರಿ. ಬಟ್ಟಿ ಜಾರಿತ್ತು. ಒನಕಿ ಬಡೀತು. ಎಲ್ಲಾ ಚೂರು ಆರಿಸೀನಿ ಅತ್ತಿ, ದೇವರಾಣಿ ಎಲ್ಲಾ ಆರಿಸೀನಿ. ಅವ್ರು ದಾರಿ ಮ್ಯಾಲೆ ಅದಾರಲ್ಲ, ನೀವು ಬೈತೀರಿ ಅಂತ..."

ನಾನು ಉಣ್ಣುವುದು ಬಿಟ್ಟು, ಆ ಚೂರು ತಾ ಎಂದೆ. ಅವಳು ದೇವರ ಜಗುಲಿಯ ಹಿಂದಿನಿಂದ ಒಂದು ಸಣ್ಣ ಗಂಟು ತಂದಳು. ನಾನು ಒಂದು ತಟ್ಟೆ ಬೋರಲು ಹಾಕಿ, ಅದರ ಮೇಲೆ ಚೂರುಗಳನ್ನು ಒಂದಕ್ಕೊಂದು ಕೂಡಿಸಿ ದುಂಡಗೆ ಜೋಡಿಸಿದೆ. ನಾಲ್ಕು ಚೂರು ಕೂಡಿದವು. ದುಂಡು ಪೂರ್ತಿಯಾಗಲಿಲ್ಲ. ಒಂದು ಕಡೆ ಕಿರುಬೆರಳ ಗೆಣ್ಣಿನಷ್ಟು ಖಾಲಿ ಉಳಿಯಿತು.

ಒರಳು ಒರೆಸಿದೆವು, ಕಸದ ಮೊರ ಜಾಲಾಡಿದೆವು, ನೆಲದ ಮೇಲೆ ಅಂಗೈ ಆಡಿಸಿದೆವು. ಎಲ್ಲೂ ಇಲ್ಲ. ಇನ್ನು ಅದು ಇರುವುದು ಒಂದೇ ಜಾಗದಲ್ಲಿ. ಬಸ್ಸು ಹತ್ತಿದ ಚಟ್ನಿಯಲ್ಲಿ. ಯಾರೋ ನನ್ನನ್ನು ಕಾಣದವರು, ನಾನು ಕಾಣದವರು, ನಾಳೆ ಆಕಾಶದಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಅದನ್ನು ರೊಟ್ಟಿಗೆ ಹಚ್ಚಿ ಬಾಯಿಗೆ ಇಡುತ್ತಾರೆ. ಅಲ್ಲಿ ಡಾಕ್ಟರೂ ಇಲ್ಲ, ಇಳಿಯಲು ದಾರಿಯೂ ಇಲ್ಲ.

ನಮ್ಮ ಮನೆಯ ಎದುರಿಗೆ ಖಾಜಾಸಾಬನ ಗ್ಯಾರೇಜು. ನಾನು ಎಂಜಲು ಕೈಯಲ್ಲೇ ಓಡಿದೆ. ಅವನು ಯಾರದೋ ಜೀಪಿನ ಕೆಳಗೆ ಮಲಗಿದ್ದ. ವಿಷಯ ಹೇಳಿದೆ. ಒಂದು ಪ್ರಶ್ನೆಯನ್ನೂ ಕೇಳದೆ ಹೊರಗೆ ಬಂದ.

"ಹತ್ರಿ ಅಕ್ಕಾರ. ಬ್ರೇಕ್ ಈಗ ಮಾಡೀನಿ. ಹಾರನ್ ಮಾತ್ರ ಇಲ್ಲ. ನೀವ ಕೂಗಬೇಕು."

ಹಿಂದೆ ಗಿರಿಜಾ ಚೂರಿನ ಗಂಟು ಹಿಡಿದು ಕುಳಿತಳು. ಆ ದಿನ ಕೊಟ್ಟೂರಿನಿಂದ ಕೂಡ್ಲಿಗಿಯವರೆಗೆ ಜೀಪಿನಿಂದ ಕತ್ತು ಹೊರಗೆ ಹಾಕಿ, "ಸರೀರ್ರಿ, ಸರೀರ್ರಿ" ಎಂದು ನಾನು ಕೂಗಿದ ಕೂಗಿಗೆ ಲೆಕ್ಕವಿಲ್ಲ. ಕುರಿಗಳು ಸರಿದವು, ಎತ್ತಿನ ಗಾಡಿಗಳು ಸರಿದವು, ಒಬ್ಬ ಸೈಕಲ್ಲಿನವನು ಮಾತ್ರ ನಿಂತು ನನ್ನನ್ನು ಚೆನ್ನಾಗಿ ಬೈದ. ಬಸ್ಸು ಕೂಡ್ಲಿಗಿಯಲ್ಲಿ ಅರ್ಧ ತಾಸು ನಿಲ್ಲುತ್ತದೆ ಎನ್ನುವುದೊಂದೇ ನಮಗಿದ್ದ ಧೈರ್ಯ.

ಕೂಡ್ಲಿಗಿ ಸ್ಟ್ಯಾಂಡಿಗೆ ನುಗ್ಗಿದೆವು. ಬಸ್ಸು ನಿಲ್ಲುವ ಜಾಗ ಖಾಲಿ. ಹೂವಿನವಳು, "ಈಗ ಹೋತು ನೋಡ್ರಿ. ಹತ್ತು ನಿಮಿಷಾನೂ ಆಗಿಲ್ಲ" ಎಂದಳು.

ಗಿರಿಜಾ ಬಿಕ್ಕತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು. "ಅಳಬ್ಯಾಡ! ಮುಂಜಾನಿನ ಒಂದು ಮಾತು ಹೇಳಿದ್ರ ಇಷ್ಟೆಲ್ಲಾ ಯಾಕ ಆಕ್ಕಿತ್ತು?" ಎಂದು ಚೀರಿದೆ.

ಖಾಜಾಸಾಬ ಗೇರು ಹಾಕುತ್ತ ಮೆಲ್ಲಗೆ ಕೇಳಿದ, "ಹೇಳಿದ್ರ ನೀವು ಬೈತಿರಲಿಲ್ಲೇನ್ರಿ ಅಕ್ಕಾರ?"

ಜೀಪು ಹೆದ್ದಾರಿ ಹತ್ತಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಆದರೆ ಮಾಡಿದವಳು ನಾನು, ಉಣ್ಣುವವರು ಇನ್ಯಾರೋ.

ಕಾನಹೊಸಹಳ್ಳಿ ಬರುವ ಹೊತ್ತಿಗೆ ಜೀಪಿನ ಮುಂಭಾಗದಿಂದ ಹೊಗೆ ಏಳುತ್ತಿತ್ತು. ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಮುಂದೆ ನಮ್ಮ ಬಸ್ಸು ಕಂಡಿತು. ಜನ ಊಟಕ್ಕೆ ಇಳಿದಿದ್ದರು. ಮೇಲೆ ನನ್ನ ಮೂರು ಡಬ್ಬ ಹಾಗೇ ಕುಳಿತಿದ್ದವು. ನಾನು ಜೀಪು ನಿಲ್ಲುವ ಮೊದಲೇ ಇಳಿಯಲು ಹೋಗಿ ಮೊಣಕಾಲು ತರಚಿಕೊಂಡೆ.

ಕಂಡಕ್ಟರ್ ಚಟ್ನಿಯ ಡಬ್ಬ ಇಳಿಸಿಕೊಟ್ಟ. "ಲಗೂನ ನೋಡ್ರಿ. ಇಪ್ಪತ್ತು ನಿಮಿಷ ಅಷ್ಟ. ಆಮ್ಯಾಲೆ ನಾ ನಿಲ್ಲಂಗಿಲ್ಲ" ಎಂದ. ಹೋಟೆಲಿನ ಯಜಮಾನತಿ ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತ ತಂದುಕೊಟ್ಟಳು. ಗಿರಿಜಾ ಕಲ್ಲು ಮೇಜಿನ ಮೇಲೆ ಬಳೆಯ ಚೂರುಗಳನ್ನು ಮತ್ತೆ ದುಂಡಗೆ ಜೋಡಿಸಿಟ್ಟಳು. ಆ ಖಾಲಿ ಜಾಗ ಬಾಯಿ ತೆರೆದುಕೊಂಡು ನಮ್ಮನ್ನೇ ನೋಡುತ್ತಿತ್ತು.

ಒಂದೊಂದೇ ಪಾಕೀಟು ಒಡೆದು ಪರಾತಕ್ಕೆ ಸುರಿದು ಮೂವರೂ ಬೆರಳಾಡಿಸಿದೆವು. ಶೇಂಗಾದ ಎಣ್ಣೆ ಬಿಟ್ಟ ಪುಡಿ ಅದು, ಜರಡಿಗೆ ಬೀಳುವುದಿಲ್ಲ. ಚಿಟಿಕೆ ಚಿಟಿಕೆಯಾಗಿ ಉಜ್ಜಿಯೇ ನೋಡಬೇಕು. ಖಾರದ ಘಾಟಿಗೆ ಕಣ್ಣು, ಮೂಗು ಸುರಿಯತೊಡಗಿದವು. ಗಿರಿಜಾಳ ಕೈಯ ಹಸಿ ಗಾಯಕ್ಕೆ ಆ ಖಾರ ಹತ್ತಿ ಹೇಗೆ ಉರಿದಿರಬೇಕು! ಆದರೂ ಅವಳು ಬೆರಳಾಡಿಸುತ್ತಲೇ ಇದ್ದಳು. ಒಂದು, ಎರಡು, ಮೂರು ಮುಗಿದವು. ಸುತ್ತ ಜನ ಸೇರಿದರು. ಐದು, ಆರು. ಏನೂ ಇಲ್ಲ.

ಏಳನೆಯದರಲ್ಲಿ ಖಾಜಾಸಾಬ ಬೆರಳು ಎತ್ತಿ ಹಿಡಿದ. "ಇಲ್ಲೈತ್ರಿ!"

ಸೆರಗಿನಿಂದ ಒರೆಸಿದೆ. ಕೆಂಪು ಪುಡಿಯ ಕೆಳಗಿನಿಂದ ಹಸಿರು ಹೊಳೆಯಿತು. ಎರಡೂ ತುದಿ ಚೂಪಾಗಿದ್ದವು. ಮೇಜಿನ ಮೇಲಿನ ಖಾಲಿ ಜಾಗದಲ್ಲಿಟ್ಟೆ. ಕೂಡಿತು. ನೋಡುತ್ತಿದ್ದವರಲ್ಲಿ ಯಾರೋ "ಅಬ್ಬಾ" ಎಂದರು. ನಾನು ಕೈಮುಗಿಯಲು ಹೋದೆ. ಅಷ್ಟರಲ್ಲಿ ಗಿರಿಜಾ ಬಗ್ಗಿ ನೋಡಿದಳು.

"ಅತ್ತಿ, ಈ ತುದಿಗೆ ಇನ್ನೂ ಸ್ವಲ್ಪ ಐತಿ."

ಹೌದು. ಒಂದು ತುದಿಯಲ್ಲಿ ಜೋಳದ ಕಾಳಿನಷ್ಟು ಜಾಗ ಉಳಿದಿತ್ತು. ಇನ್ನೂ ಮೂರು ಪಾಕೀಟು ನೋಡಿದೆವು, ಏಳನೆಯದನ್ನು ಮತ್ತೊಮ್ಮೆ ನೋಡಿದೆವು. ಸಿಗಲಿಲ್ಲ. ಬಸ್ಸಿನ ಹಾರನ್ನು ಮೊಳಗಿತು.

ಕಂಡಕ್ಟರ್ ಬಂದು ನಿಂತ. "ಸಿಕ್ತಲ್ಲ ಅಕ್ಕಾರ. ಅದೊಂದು ಕಾಳಿಗೆ ಯಾರು ಸಾಯ್ತಾರ? ಮನ್ಯಾಗ ಎಲ್ಲೋ ಬಿದ್ದಿರತೈತಿ. ಕಟ್ರಿ, ಹಾಕ್ತೀನಿ."

ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ಸು ಆ ಕಡೆಗೇ ವಾಲಿತು. ಹೌದು, ಮನೆಯಲ್ಲೇ ಬಿದ್ದಿರಬಹುದು. ನೆಲದ ಸಂದಿಗೆ ಹೋಗಿರಬಹುದು. ಬೆಳಗ್ಗೆ ಊರೆಲ್ಲ ಸಾರಿ ಬಂದಿದ್ದೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಾನು ಪಾಕೀಟಿನ ಬಾಯಿ ಕೂಡಿಸಿ ಹಿಡಿದು, ಗಿರಿಜಾಳಿಗೆ ದಾರ ಕೊಡು ಎಂದೆ. ಅವಳು ಕೊಡದೆ ನನ್ನ ಮುಖ ನೋಡುತ್ತ ನಿಂತಳು.

ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕದಿದ್ದ ಖಾಜಾಸಾಬ, ಪರಾತದಲ್ಲಿ ಉಳಿದಿದ್ದ ಚಟ್ನಿಯನ್ನು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಲು ಹೋದ. ನನ್ನ ಕೈ ತಾನಾಗಿಯೇ ಎದ್ದು ಅವನ ಕೈಗೆ ಫಟ್ಟನೆ ಬಡಿಯಿತು. ಚಟ್ನಿ ನೆಲಕ್ಕೆ ಚೆಲ್ಲಿತು.

"ಏ, ತಿನ್ನಬ್ಯಾಡ!"

ಅವನು ಕೈ ಹಿಡಿದುಕೊಂಡು ನನ್ನನ್ನೇ ನೋಡಿದ. ಗಿರಿಜಾ ನೋಡಿದಳು. ಕಂಡಕ್ಟರೂ ನೋಡಿದ. ಎದುರು ಮನೆಯವನ ಬಾಯಿಗೆ ಬೇಡವಾದದ್ದನ್ನು ನಾನು ಆಕಾಶಕ್ಕೆ ಕಳಿಸಲು ದಾರ ಕೇಳುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ರಘುನಾಥ್ ಅವರಿಗೆ ಫೋನು ಮಾಡಿದೆ. ಬಳೆ ಹಾಕಿಕೊಂಡೇ ಕೆಲಸ ಮಾಡಿದ್ದು, ಅದಕ್ಕೆ ನಾನೇ ಒಪ್ಪಿಗೆ ಕೊಟ್ಟದ್ದು, ಒಂದು ಚೂರು ಸಿಕ್ಕಿದ್ದು, ಜೋಳದ ಕಾಳಿನಷ್ಟು ಸಿಗದೇ ಇದ್ದದ್ದು, ಎಲ್ಲ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ರೊಟ್ಟಿ ಬಡಿದದ್ದು ಎಲ್ಲಿ?"

"ಅದ ಮನ್ಯಾಗ್ರಿ. ಪಕ್ಕದ ಖೋಲ್ಯಾಗ."

"ಹಾಗಾದ್ರೆ ರೊಟ್ಟಿನೂ ಬೇಡ. ಮೂರೂ ಡಬ್ಬ ಇಳಿಸ್ಕೊಳ್ಳಿ" ಎಂದು ಫೋನು ಇಟ್ಟುಬಿಟ್ಟರು.

ರೊಟ್ಟಿಯ ಡಬ್ಬಗಳನ್ನೂ ಬಸ್ಸಿನಿಂದ ಇಳಿಸಿ ಜೀಪಿಗೆ ಹಾಕಿಕೊಂಡೆವು. ಹತ್ತು ಕಿಲೋ ಚಟ್ನಿಯನ್ನಂತೂ ಗಾಜಿದೆ ಎಂದು ದನಕ್ಕೂ ಹಾಕುವಂತಿರಲಿಲ್ಲ. ಹೋಟೆಲಿನ ಹಿಂದೆ ಖಾಜಾಸಾಬ ಗುಂಡಿ ತೋಡಿದ. ಸುರಿದೆವು. ಹುರಿದ ಶೇಂಗಾದ ವಾಸನೆ ಮಣ್ಣು ಮುಚ್ಚಿದ ಮೇಲೂ ಬರುತ್ತಲೇ ಇತ್ತು. ನಾಲ್ಕು ದಿನದ ನಮ್ಮಿಬ್ಬರ ದುಡಿಮೆ ಅದು. ವಾಪಸು ಬರುವಾಗ ನಾನು ಮುಂದಿನ ಸೀಟು ಬಿಟ್ಟು ಹಿಂದೆ ಗಿರಿಜಾಳ ಪಕ್ಕ ಕುಳಿತೆ. ಅವಳ ಕೈ ತೆಗೆದುಕೊಂಡು, ಗಾಯದ ಮೇಲಿನ ಖಾರವನ್ನು ಸೆರಗಿನಿಂದ ಒರೆಸಿದೆ. ಆಗ ಅವಳು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ. ಮನೆಗೆ ಬಂದಾಗ, ಮುಂಬೈ ಮುಟ್ಟಿದ್ದೇನೆ, ಲೋಡು ಇಳಿಸುತ್ತಿದ್ದಾರೆ ಎಂದು ವೀರೇಶ ಫೋನು ಮಾಡಿದ್ದನ್ನು ಪಕ್ಕದ ಮನೆಯವರು ಹೇಳಿದರು. ಬಳೆ ಒಡೆದದ್ದಕ್ಕೆ ಅವನ ಒಂದು ಕೂದಲೂ ಕೊಂಕಿರಲಿಲ್ಲ.

ಇನ್ನು ಆ ಕಂಪನಿಯ ಕಡೆ ತಲೆ ಹಾಕಿ ಮಲಗುವುದೂ ಬೇಡ ಎಂದುಕೊಂಡಿದ್ದೆ. ಐದನೇ ದಿನ ರಘುನಾಥ್ ಅವರೇ ಬಾಗಿಲಲ್ಲಿ ನಿಂತಿದ್ದರು. ಒರಳು ನೋಡಿದರು, ನೆಲ ನೋಡಿದರು, ಕಿಟಕಿ ನೋಡಿದರು. ಕೊನೆಗೆ ಹೇಳಿದರು, "ಅವತ್ತು ಅವರಿಗೆಲ್ಲ ಬ್ರೆಡ್ಡು, ಉಪ್ಪಿನಕಾಯಿ ಕೊಟ್ವಿ. ಬೈಸ್ಕೊಂಡೆ. ಆದ್ರೆ ತಪ್ಪು ನಾನು ಕಂಡುಹಿಡಿಯೋಕೆ ಮುಂಚೆ ಫೋನ್ ಮಾಡಿ ಹೇಳಿದೋರು ನೀವೊಬ್ರೇ ಅಮ್ಮ. ಇನ್ನೊಂದು ಸಲ ನೋಡೋಣ. ಬಳೆ ಮಾತ್ರ..."

"ಇರಂಗಿಲ್ರಿ" ಎಂದೆ.

ಮರುದಿನ ಕೆಲಸಕ್ಕೆ ಕೂರುವ ಮೊದಲು ಗಿರಿಜಾಳ ಕೈಗೆ ಸೋಪಿನ ನೊರೆ ಹಚ್ಚಿ, ಒಂದೊಂದಾಗಿ ಬಳೆ ತೆಗೆದೆ. ಎಣಿಸಿ, ತಟ್ಟೆಯಲ್ಲಿಟ್ಟು, ದೇವರ ಮುಂದೆ ಇಟ್ಟೆ. ಇಡೀ ದಿನ ಅವಳ ಬರಿಗೈ ಒನಕೆ ಹಿಡಿದದ್ದನ್ನು ನೋಡಲಾಗದೆ, ವೀರೇಶನ ಫೋನು ಬಂತೇ ಎಂದು ಪಕ್ಕದ ಮನೆಗೆ ಹೋಗಿ ಹೋಗಿ ಕೇಳಿದೆ. ಸಂಜೆ ಕೆಲಸ ಮುಗಿದ ಮೇಲೆ, "ಪಕ್ಕದ ಮನಿ ಕೊಟ್ರವ್ವನ್ನ ಕರೀತೀನಿ. ಆಕಿ ಮುತ್ತೈದಿ, ಆಕಿ ತೊಡಸ್ತಾಳ" ಎಂದು ಎದ್ದೆ. ನನ್ನಂಥವರು ಇನ್ನೊಬ್ಬರಿಗೆ ಬಳೆ ತೊಡಿಸುವ ಪದ್ಧತಿ ನಮ್ಮಲ್ಲಿಲ್ಲ.

ಗಿರಿಜಾ ತಟ್ಟೆ ತಂದು ನನ್ನ ಮುಂದೆ ಇಟ್ಟು, ಎರಡೂ ಕೈ ಚಾಚಿ ಕುಳಿತಳು.

"ನೀವ ತೆಗದೀರಿ. ನೀವ ತೊಡಸ್ರಿ ಅತ್ತಿ."

ತೊಡಿಸಿದೆ. ಯಜಮಾನರು ಹೋದ ಮೇಲೆ ನಾನು ಒಬ್ಬರ ಕೈಗೆ ಬಳೆ ಏರಿಸಿದ್ದು ಆ ದಿನವೇ ಮೊದಲು.

ಆ ಸಲ ಕಳಿಸಿದ ರೊಟ್ಟಿ, ಚಟ್ನಿ ವಿಮಾನ ಹತ್ತಿದವು. ಮುಂದಿನ ಸೀಟಿನವರು ಇನ್ನಷ್ಟು ಚಟ್ನಿ ಕೇಳಿದರಂತೆ. ನಾನು ಈವರೆಗೆ ವಿಮಾನ ಹತ್ತಿಲ್ಲ, ಆ ತಟ್ಟೆಯನ್ನೂ ಕಂಡಿಲ್ಲ. ಜೋಳದ ಕಾಳಿನಷ್ಟಿದ್ದ ಆ ಗಾಜು ಇವತ್ತಿಗೂ ಸಿಕ್ಕಿಲ್ಲ. ಅದು ಮನೆಯ ನೆಲದ ಸಂದಿಯಲ್ಲಿತ್ತೋ, ಗುಂಡಿಗೆ ಹೋಯಿತೋ ದೇವರಿಗೇ ಗೊತ್ತು. ಒಂದು ಮಾತ್ರ ಬದಲಾಯಿತು. ಈಗ ನಮ್ಮ ಮನೆಯಲ್ಲಿ ಏನು ಒಡೆದರೂ ಗಿರಿಜಾ ಅಡುಗೆಮನೆಯಿಂದಲೇ ಗಟ್ಟಿಯಾಗಿ ಕೂಗುತ್ತಾಳೆ, "ಅತ್ತಿ, ಒಡೀತು!" ನಾನು ಇದ್ದಲ್ಲಿಂದಲೇ ಕೇಳುತ್ತೇನೆ, "ಒಡೀಲಿ ಬಿಡು. ಕೈಗೆ ಏನೂ ಆಗಿಲ್ಲ ಹೌದಿಲ್ಲೋ?"